ಎಣ್ಣೆ ಲೆಕ್ಕ ಯಾರನ್ನ ಕೇಳ್ಬೇಕು?

ಬೆಳಿಗ್ಗೆ ಚಿಕ್ಕಪ್ಪನ ಮನೆ ಜಗಲಿ ಮೇಲೆ ಕೂತು ನೋಡಿದ್ದು. ಇನ್ನೂ ಮೈ ಉರೀತಿದೆ, ಬರೆದುಬಿಡ್ತೀನಿ.

ಮನೆಮನೆಯ ಖರ್ಚು ಬರ್ಕೊಳೋ ಸರ್ಕಾರಿ ಸರ್ವೆ ಹುಡುಗ ಟ್ಯಾಬ್ ಹಿಡ್ಕೊಂಡು ಬಂದ. ಪಾಪ, ಬಿಸಿಲಿಗೆ ಬೆಂದುಹೋಗಿದ್ದ. "ಹೋದ ಏಳು ದಿನದಲ್ಲಿ ಅಡುಗೆ ಎಣ್ಣೆ ಎಷ್ಟು ಖರ್ಚಾಯ್ತು ಸರ್?" ಚಿಕ್ಕಪ್ಪ ಮೀಸೆ ಸವರಿ, "ಒಂದ್ ಲೀಟರ್ ಬರ್ಕೊಳಪ್ಪ" ಅಂದ್ರು. ಒಳಗಿಂದ ಚಿಕ್ಕಮ್ಮ, "ಅರ್ಧವೂ ಆಗಿಲ್ಲ ಕಣ್ರೀ!" "ನೀನ್ ಸುಮ್ನಿರೇ, ಅವ್ನಿಗೆ ಹೊತ್ತಾಗುತ್ತೆ." ಹುಡುಗ ಒಂದು ಅಂತಲೇ ಒತ್ತಿದ. ಜನ್ಮದಲ್ಲಿ ಎಣ್ಣೆ ಪ್ಯಾಕೆಟ್ ಕತ್ತರಿಸದ ಮನುಷ್ಯನ ಮಾತು ದೇಶದ ಅಂಕಿಅಂಶ ಆಯ್ತು. ಬೀಡಿ ವಿಷಯ ಬಂದಾಗ? "ಛೆ, ಬಿಟ್ಟು ವರ್ಷ ಆಯ್ತು."

2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ ಪ್ರಕಾರ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ ಸರಾಸರಿ 3,773 ರೂಪಾಯಿ ಖರ್ಚು. ಕೊನೇ ಮೂರು ರೂಪಾಯಿ ಎಷ್ಟು ಚೆಂದ ಅಲ್ವಾ! 1999-2000ರ ಇಂಥದೇ ಸಮೀಕ್ಷೆಯಲ್ಲಿ ಊಟದ ಖರ್ಚನ್ನ ಹೋದ ಏಳು ದಿನದ್ದು, ಹೋದ ಮೂವತ್ತು ದಿನದ್ದು ಅಂತ ಎರಡನ್ನೂ ಪಕ್ಕಪಕ್ಕದ ಕಾಲಂನಲ್ಲಿ ಕೇಳಿದ್ರು. ಜನ ಒಂದಕ್ಕೆ ಇನ್ನೊಂದನ್ನ ಹೊಂದಿಸಿ ಹೇಳಿರಬಹುದು ಅನ್ನೋ ಅನುಮಾನಕ್ಕೆ, ಬಡತನ ನಿಜಕ್ಕೂ ಎಷ್ಟು ಇಳಿಯಿತು ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳಾಡಿದರು. 2017-18ರ ಸಮೀಕ್ಷೆಯನ್ನಂತೂ ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರವೇ ಮೂಲೆಗೆ ಹಾಕಿತು. ದಿನ ಏಳೋ ಮೂವತ್ತೋ ಅನ್ನೋದಕ್ಕೆ ಇಷ್ಟು ಗುದ್ದಾಟ. ಜಗಲಿಯೋ ಅಡುಗೆಮನೆಯೋ ಅನ್ನೋದಕ್ಕೆ ಯಾರಾದ್ರೂ ಗುದ್ದಾಡಿದ್ರಾ?

ಸ್ಟಾಟಿಸ್ಟಿಕ್ಸ್ ಓದಿದ ಗೆಳೆಯರು ಈಗ ಬರ್ತೀರಿ, ಗೊತ್ತು: ಲಕ್ಷಾಂತರ ಮನೆ ಸೇರಿದ್ರೆ ಹೆಚ್ಚು-ಕಮ್ಮಿ ಎಲ್ಲ ಸರಿಹೋಗುತ್ತೆ ಅಂತ. ಒಬ್ಬ ಹೆಚ್ಚು, ಇನ್ನೊಬ್ಬ ಕಮ್ಮಿ ಹೇಳಿದ್ರೆ ಸರಿ ಸ್ವಾಮಿ. ಊರಿಗೂರೇ ಹೆಂಡತಿ ಕಿವಿಗೆ ಬೀಳುತ್ತೆ ಅಂತ ಬೀಡಿ ಬಚ್ಚಿಟ್ಟರೆ, ಕೋಟಿ ಮನೆ ಸೇರಿಸಿದರೂ ಬೀಡಿ ಆಚೆ ಬರಲ್ಲ.

ಆ ಹುಡುಗನ್ನ ಬೈಯೋ ಯೋಗ್ಯತೆ ನನಗಿಲ್ಲ. ಡಿಗ್ರಿ ಓದುವಾಗ ಫಾರಂಗೆ ಇಷ್ಟು ಅಂತ ದುಡ್ಡಿಗೆ ನಾನೂ ಸರ್ವೆ ಮಾಡಿದೀನಿ. ಬೀಗ ಹಾಕಿದ್ದ ಮೂರು ಮನೆ ಫಾರಂನ ಹೋಟೆಲ್‌ನಲ್ಲಿ ಕೂತು, ಟೀ ಕುಡೀತಾ ತುಂಬಿದೀನಿ. ಆ ಮನೆಗಳಿಗೆ ಬೇಳೆ, ಬೆಲ್ಲ ಎಲ್ಲ ನಾನೇ ತಿನ್ನಿಸಿದ್ದು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹುಡುಗ ಹೋದಮೇಲೆ ಒಳಗೆ ಹೋದೆ. ಚಿಕ್ಕಮ್ಮ ಸಾಸಿವೆ ಡಬ್ಬಿಯಿಂದ ಸಂಘದ ಕಂತಿನ ನೋಟು ಎಣಿಸ್ತಿದ್ರು. ಆ ಸಾಲ ಚಿಕ್ಕಪ್ಪನಿಗೆ ಗೊತ್ತೇ ಇಲ್ಲ. "ಇದನ್ನೂ ಬರೆಸಬೇಕಿತ್ತಾ?" ಅಂದ್ರು. "ಕೇಳಿದ್ರೆ ಹೇಳ್ತಿದ್ರಾ?" ಅಂದೆ.

"ಒಬ್ಬಳನ್ನೇ ಕೇಳಿದ್ದಿದ್ರೆ ಹೇಳ್ತಿದ್ದೆ ಕಣೋ."