ಅಪರಾ ವಿದ್ಯೆಯನ್ನು ಇಷ್ಟು ಹಗುರವಾಗಿ ಕಾಣಬೇಕೆ?

ಶ್ರಾವಣ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮಠಗಳಲ್ಲಿ, ಗುಡಿಗಳಲ್ಲಿ ಪ್ರವಚನಗಳು ಶುರುವಾಗುತ್ತವೆ. ಉಪನಿಷತ್ತಿನ ಮಾತು ಬಂದಾಗಲೆಲ್ಲ ಪರಾ ವಿದ್ಯೆಯನ್ನು, ಅಂದರೆ ಬ್ರಹ್ಮವನ್ನು ಅರಿಯುವ ವಿದ್ಯೆಯನ್ನು, ಹೊಗಳುವ ಭರದಲ್ಲಿ ಉಳಿದೆಲ್ಲ ಓದು-ಶಾಸ್ತ್ರಗಳ ಅಪರಾ ವಿದ್ಯೆಯನ್ನು ಬರಿಯ ಹೊಟ್ಟೆಪಾಡಿನ ವಿದ್ಯೆಯೆಂದು ತಳ್ಳಿಹಾಕುವ ರೂಢಿ ಬೆಳೆದುಬಿಟ್ಟಿದೆ. ಈ ಸಲ ಅಂಥದೊಂದು ಸಭೆಯಲ್ಲಿ, ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಎದ್ದು, "ಅಜ್ಜಾರ, ಹಂಗಾರ ನಾವು ಓದೂದೆಲ್ಲಾ ಅವಿದ್ಯಾನ ಏನ್ರಿ?" ಎಂದು ಕೇಳಿದ. ಸಭೆ ನಕ್ಕಿತು, ಪ್ರವಚನ ಮುಂದೆ ಹೋಯಿತು. ಪ್ರಶ್ನೆ ಮಾತ್ರ ನಕ್ಕು ಬಿಡುವಂಥದ್ದಾಗಿರಲಿಲ್ಲ.

ಪರಾ-ಅಪರಾ ಎಂಬ ವಿಭಾಗ ಬರುವುದು ಮುಂಡಕೋಪನಿಷತ್ತಿನಲ್ಲಿ. ಯಾವುದನ್ನು ಅರಿತರೆ ಇದೆಲ್ಲವನ್ನೂ ಅರಿತಂತಾಗುತ್ತದೆ ಎಂದು ಕೇಳಿದ ಶೌನಕನಿಗೆ ಅಂಗಿರಸನು, ಎರಡು ವಿದ್ಯೆಗಳನ್ನು ತಿಳಿಯಬೇಕು ಎಂದೇ ಉತ್ತರ ಆರಂಭಿಸುತ್ತಾನೆ. ಒಂದನ್ನು ತಿಳಿ, ಇನ್ನೊಂದನ್ನು ಬಿಡು ಎನ್ನುವುದಿಲ್ಲ. ಅಪರಾ ವಿದ್ಯೆಯ ಪಟ್ಟಿಯಲ್ಲಿ ನಾಲ್ಕು ವೇದಗಳೂ ಶಿಕ್ಷೆ, ಕಲ್ಪ, ವ್ಯಾಕರಣ, ನಿರುಕ್ತ, ಛಂದಸ್ಸು, ಜ್ಯೋತಿಷ ಎಂಬ ಆರು ಅಂಗಗಳೂ ಇವೆ. ಅಪರಾ ಕೀಳೆನ್ನುವವರು ವೇದಾಧ್ಯಯನವನ್ನೂ ಕೀಳೆನ್ನಬೇಕಾಗುತ್ತದೆ. ಆ ಮಾತನ್ನು ನಮ್ಮ ಪ್ರವಚನಕಾರರು ಯಾರೂ ಆಡುವುದಿಲ್ಲ. ಅದೇ ಉಪನಿಷತ್ತು ಮುಂದೆ, ಬ್ರಹ್ಮನಿಷ್ಠನಷ್ಟೇ ಅಲ್ಲ, ಶ್ರೋತ್ರಿಯನೂ, ಅಂದರೆ ವೇದ ಓದಿದವನೂ, ಆದ ಗುರುವಿನ ಬಳಿಗೆ ಹೋಗಬೇಕೆನ್ನುತ್ತದೆ. ಪರಾ ವಿದ್ಯೆ ಹೇಳಿಕೊಡುವವನಿಗೂ ಓದಿನ ಬಲ ಬೇಕೆಂದಾಯಿತಲ್ಲ.

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ. ಹನ್ನೆರಡನೆಯ ವಯಸ್ಸಿಗೆ ಗುರುಕುಲಕ್ಕೆ ಹೋದ ಶ್ವೇತಕೇತು ಇಪ್ಪತ್ನಾಲ್ಕಕ್ಕೆ ಎಲ್ಲ ವೇದಗಳನ್ನೂ ಓದಿ, ತಾನೇ ಪಂಡಿತನೆಂದು ಬೀಗುತ್ತ ಮನೆಗೆ ಬರುತ್ತಾನೆ. ಅವನಿಗೆ 'ತತ್ತ್ವಮಸಿ' (ಅದು ನೀನೇ ಆಗಿರುವೆ) ಎಂದು ಉಪದೇಶಿಸುವ ಮೊದಲು ತಂದೆ ಉದ್ದಾಲಕ ಮಾಡಿದ ಒಂದು ಪರೀಕ್ಷೆಯನ್ನು ಪ್ರವಚನಗಳಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹದಿನೈದು ದಿನ ಊಟ ಬಿಡು, ನೀರು ಮಾತ್ರ ಬೇಕಾದಷ್ಟು ಕುಡಿ ಎಂದು ಮಗನಿಗೆ ಹೇಳುತ್ತಾನೆ. ಅವಧಿ ಮುಗಿದ ಮೇಲೆ ಋಕ್ಕು, ಯಜುಸ್ಸು, ಸಾಮಗಳನ್ನು ಹೇಳೆಂದರೆ ಮಗನಿಗೆ ಯಾವುದೂ ಹೊಳೆಯುವುದಿಲ್ಲ. ದೊಡ್ಡ ಬೆಂಕಿಯಲ್ಲಿ ಮಿಂಚುಹುಳದಷ್ಟು ಕೆಂಡ ಉಳಿದರೆ ಅದು ಹೆಚ್ಚೇನನ್ನೂ ಸುಡಲಾರದು, ನಿನ್ನ ಸ್ಥಿತಿಯೂ ಹಾಗೆಯೇ, ಹೋಗಿ ಉಣ್ಣು ಎನ್ನುತ್ತಾನೆ ತಂದೆ. ಉಂಡು ಬಂದವನು ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾನೆ. ಮನಸ್ಸು ಅನ್ನಮಯವೆಂಬುದನ್ನು ಉದ್ದಾಲಕ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಲಿಲ್ಲ, ಮಗನ ಮೈಮೇಲೆಯೇ ತೋರಿಸಿಕೊಟ್ಟ. ಹೊಟ್ಟೆಪಾಡನ್ನು ಹೀನವೆಂದು ಭಾವಿಸಿದ ಗ್ರಂಥ ಇಂಥ ಪ್ರಸಂಗವನ್ನು ಇಟ್ಟುಕೊಳ್ಳುತ್ತಿತ್ತೆ?

ಅನ್ನವಿಲ್ಲದೆ ಓದಿಲ್ಲವೆಂಬುದು ನಮ್ಮ ಸೀಮೆಯ ಹಿರಿಯರಿಗಂತೂ ಗೊತ್ತಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ಊಟ-ವಸತಿಯ ಸಮೇತ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಸಿಗುತ್ತಾರೆ.

ಅದೇ ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿ ನಾರದ ತಾನು ಕಲಿತ ವೇದ, ವ್ಯಾಕರಣ, ಗಣಿತ, ನಕ್ಷತ್ರವಿದ್ಯೆಗಳನ್ನೆಲ್ಲ ಹೇಳಿ, ಮಂತ್ರ ಬಲ್ಲೆ, ಆತ್ಮವನ್ನು ಅರಿಯೆ ಎಂದು ಸನತ್ಕುಮಾರನ ಮುಂದೆ ಒಪ್ಪಿಕೊಳ್ಳುತ್ತಾನೆ. ಕಲಿತದ್ದೆಲ್ಲ ಬರಿಯ ನಾಮ ಎಂಬ ಉತ್ತರವನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಸನತ್ಕುಮಾರ ಅದನ್ನು ಬಿಸಾಡೆನ್ನದೆ, ಆ ನಾಮವನ್ನೇ ಉಪಾಸಿಸು ಎಂದು ಮೊದಲ ಮೆಟ್ಟಿಲಾಗಿ ಇಡುತ್ತಾನೆ. ಮುಂದಿನ ಮೆಟ್ಟಿಲುಗಳಲ್ಲಿ ವಿಜ್ಞಾನಕ್ಕಿಂತ ಬಲ ದೊಡ್ಡದು, ಬಲಕ್ಕಿಂತ ಅನ್ನ ದೊಡ್ಡದು ಎಂಬ ಮಾತೂ ಇದೆ. ನೂರು ಮಂದಿ ತಿಳಿವಳಿಕಸ್ಥರನ್ನು ಒಬ್ಬ ಬಲಶಾಲಿ ನಡುಗಿಸಬಲ್ಲನಂತೆ! ಪೊಲೀಸ್ ಕೆಲಸಕ್ಕೆ ಓದುತ್ತಿರುವ ಹುಡುಗನಿಗೆ ಈ ಮಾತು ಖಂಡಿತ ಹಿಡಿಸುತ್ತಿತ್ತು.

ಈಶಾವಾಸ್ಯ ಉಪನಿಷತ್ತಿನ ಆಧಾರ ಹೇಳಿ ಕೆಲವರು ನನ್ನನ್ನು ಆಕ್ಷೇಪಿಸಬಹುದು. ಅವಿದ್ಯೆಯನ್ನು ಉಪಾಸಿಸುವವರು ಕತ್ತಲೆಗೆ ಹೋಗುತ್ತಾರೆಂದು ಅಲ್ಲಿರುವುದು ನಿಜ. ವಿದ್ಯೆಯಲ್ಲಷ್ಟೇ ಮುಳುಗಿದವರು ಅದಕ್ಕಿಂತ ದಟ್ಟವಾದ ಕತ್ತಲೆಗೆ ಹೋಗುತ್ತಾರೆಂದು ಅದೇ ಶ್ಲೋಕದ ಉತ್ತರಾರ್ಧದಲ್ಲಿದೆ. ಅಲ್ಲಿನ ಅವಿದ್ಯೆಗೆ ಶಂಕರಾಚಾರ್ಯರು ಅಗ್ನಿಹೋತ್ರವೇ ಮೊದಲಾದ ವೈದಿಕ ಕರ್ಮವೆಂದು ಅರ್ಥ ಹೇಳಿರುವುದರಿಂದ ಅದನ್ನು ಕಾಲೇಜು ಓದಿಗೆ ನೇರವಾಗಿ ಅಂಟಿಸಲು ನಾನೂ ಹಿಂಜರಿಯುತ್ತೇನೆ. ಹಾಗೆ ಅಂಟಿಸಲೇಬೇಕೆನ್ನುವವರು ಎರಡು ಶ್ಲೋಕ ಮುಂದೆ ಹೋಗಿ, ಎರಡನ್ನೂ ಒಟ್ಟಿಗೆ ಅರಿತವನು ಅವಿದ್ಯೆಯಿಂದ ಮೃತ್ಯುವನ್ನು ದಾಟಿ ವಿದ್ಯೆಯಿಂದ ಅಮೃತವನ್ನು ಪಡೆಯುತ್ತಾನೆ ಎಂಬುದನ್ನೂ ಆ ಹುಡುಗನಿಗೆ ಓದಿ ಹೇಳಲಿ.