ಕ್ಯಾರೊಲ್ ಯಾಕೆ ನಗಬೇಕು?

‘ಪ್ಲುರಿಬಸ್’ ಸೀರೀಸ್ ನೋಡಿದವರು ಎರಡು ಪಾಳಯವಾಗಿದ್ದಾರೆ. ಒಂದು ಕಡೆ ‘ಇಂಥದ್ದು ಬಂದು ಎಷ್ಟು ಕಾಲವಾಗಿತ್ತು’ ಅನ್ನುವವರು. ಇನ್ನೊಂದು ಕಡೆ ‘ಎರಡು ಎಪಿಸೋಡ್ ನೋಡಿದೆ, ಏನೂ ಆಗಲಿಲ್ಲ, ಆ ಹೆಂಗಸನ್ನು ಸಹಿಸೋಕೆ ಆಗಲ್ಲ’ ಅಂತ ಎದ್ದು ಹೋದವರು. ನಾನು ಮೊದಲನೇ ಪಾಳಯದವನು. ಆದರೆ ಎರಡನೇ ಪಾಳಯದವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅವರು ಸಿಟ್ಟಾಗಿರುವುದಕ್ಕೆ ಕಾರಣ ಇದೆ, ಮತ್ತು ಆ ಕಾರಣದಲ್ಲೇ ಈ ಸೀರೀಸ್‌ನ ಜೀವ ಇದೆ ಅಂತ ನನಗನಿಸುತ್ತದೆ.

ಮೊದಲ ನಾಲ್ಕು ಎಪಿಸೋಡ್‌ಗಳ ಕಥೆ ಇಲ್ಲಿ ಬರುತ್ತದೆ. ನೋಡದೇ ಇರುವವರು ನೋಡಿಕೊಂಡು ಬನ್ನಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಹಿಂದೆ ‘ಬ್ರೇಕಿಂಗ್ ಬ್ಯಾಡ್’ ಸೀರೀಸ್ ಮಾಡಿದ್ದ ವಿನ್ಸ್ ಗಿಲಿಗನ್ ಮಾಡಿರುವ ಈ ಸೀರೀಸ್ 2025ರ ನವೆಂಬರ್ 7ರಂದು ಆ್ಯಪಲ್ ಟಿವಿಯಲ್ಲಿ ಶುರುವಾಯಿತು. ಮೊದಲ ದಿನ ಎರಡು ಎಪಿಸೋಡ್, ಆಮೇಲೆ ವಾರಕ್ಕೊಂದು, ಒಟ್ಟು 9. ನೂರಾರು ಜ್ಯೋತಿರ್ವರ್ಷ ದೂರದಿಂದ ರೇಡಿಯೊ ಸಂಕೇತವೊಂದು ಬರುತ್ತದೆ. ನಾಲ್ಕೇ ನಾಲ್ಕು ಸ್ವರ, ಮತ್ತೆ ಮತ್ತೆ ಅದೇ. ಅದು ಜೀವದ ಸೂತ್ರ ಹೊತ್ತಿರುವ ಆರ್‌ಎನ್‌ಎ ಅನ್ನುವ ಅಣುವಿನ ನಾಲ್ಕು ಅಕ್ಷರಗಳು ಅಂತ ವಿಜ್ಞಾನಿಗಳಿಗೆ ಹೊಳೆಯುತ್ತದೆ. ಆ ಸೂತ್ರದ ಪ್ರಕಾರ ಲ್ಯಾಬ್‌ನಲ್ಲಿ ವೈರಸ್ ತಯಾರಾಗುತ್ತದೆ. ಒಂದು ಇಲಿ ಕಚ್ಚುತ್ತದೆ. ಅಲ್ಲಿಂದ ಜಗತ್ತಿನ ಜನರೆಲ್ಲ ಒಂದೇ ಮನಸ್ಸಾಗಿಬಿಡುತ್ತಾರೆ. ಒಬ್ಬರಿಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು. ಜಗಳ ಇಲ್ಲ, ಕಳ್ಳತನ ಇಲ್ಲ, ಯುದ್ಧ ಇಲ್ಲ. ಎಲ್ಲರೂ ಸಂತೋಷವಾಗಿದ್ದಾರೆ. ವೈರಸ್ ತಾಗದೇ ಉಳಿದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬಳು ಕ್ಯಾರೊಲ್ ಸ್ಟರ್ಕಾ. ಅಮೆರಿಕದ ಆಲ್ಬುಕರ್ಕಿಯವಳು, ಪ್ರೇಮ ಕಾದಂಬರಿಗಳ ಲೇಖಕಿ. ರೀಯಾ ಸೀಹಾರ್ನ್ ಆ ಪಾತ್ರ ಮಾಡಿದ್ದಾಳೆ.

ಈ ಕ್ಯಾರೊಲ್ ಮೇಲೆಯೇ ಜನರ ಮುಖ್ಯ ತಕರಾರು. ಯಾವಾಗ ನೋಡಿದರೂ ಸಿಡುಕುತ್ತಾಳೆ. ಕುಡಿಯುತ್ತಾಳೆ. ಸಹಾಯ ಮಾಡಲು ಬಂದವರ ಮೇಲೆ ರೇಗುತ್ತಾಳೆ. ಅವಳಿಗೆ ಅವರೆಲ್ಲ ಎಷ್ಟು ಒಳ್ಳೆಯವರಾಗಿದ್ದಾರೆ, ಸ್ವಲ್ಪ ಸಮಾಧಾನವಾಗಿ ಮಾತಾಡಬಾರದಾ ಅಂತ ಎಷ್ಟೋ ಜನ ಬರೆದಿದ್ದಾರೆ.

ಈ ಮಾತನ್ನು ಇನ್ನೊಂದು ಸಲ ಓದಿ ನೋಡಿ. ಕಥೆಯೊಳಗೆ ಆ ಒಂದೇ ಮನಸ್ಸು ಅವಳಿಗೆ ಹೇಳುವುದೂ ಇದನ್ನೇ ಅಲ್ವಾ? ನಾವು ನಿನಗೆ ಒಳ್ಳೆಯದನ್ನೇ ಬಯಸುತ್ತೇವೆ ಕ್ಯಾರೊಲ್, ನೀನು ಸಂತೋಷವಾಗಿರಬೇಕು ಕ್ಯಾರೊಲ್. ನೋಡುವ ನಾವೂ ಎರಡೇ ಎಪಿಸೋಡ್‌ನಲ್ಲಿ ಅವರ ಪಕ್ಷ ಸೇರಿ, ಇವಳು ಯಾಕೆ ನಗುವುದಿಲ್ಲ ಅಂತ ಕೇಳಲು ಶುರು ಮಾಡಿದ್ದೇವೆ. ಗಿಲಿಗನ್ ಮಾಡಿರುವ ದೊಡ್ಡ ಕೆಲಸವೇ ಇದು. ಅವಳು ಇಷ್ಟವಾಗದೇ ಇರುವುದನ್ನು ದೋಷ ಅಂತ ನಾನು ನೋಡುವುದಿಲ್ಲ. ಸೀರೀಸ್ ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಅದು.

ಅವಳಿಗೆ ಏನಾಗಿದೆ ಅಂತ ಒಮ್ಮೆ ನೆನಪಿಸಿಕೊಳ್ಳಿ. ಮೊದಲ ಎಪಿಸೋಡ್‌ನಲ್ಲಿ ಅವಳ ಸಂಗಾತಿ ಹೆಲೆನ್ ಕಣ್ಣೆದುರೇ ಕುಸಿದು ಬೀಳುತ್ತಾಳೆ. ಟ್ರಕ್ಕಿನ ಹಿಂಭಾಗದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡುತ್ತಾಳೆ. ಅಲ್ಲಿ ಡಾಕ್ಟರ್ ಇದ್ದಾರೆ, ನರ್ಸ್ ಇದ್ದಾರೆ, ಆದರೆ ಅವರಾಗಿ ಯಾರೂ ಉಳಿದಿಲ್ಲ. ಹೆಲೆನ್ ಉಳಿಯುವುದಿಲ್ಲ. ಅದೇ ರಾತ್ರಿ ಮನೆಯಲ್ಲಿ ಟಿವಿ ಹಾಕಿದರೆ ವೈಟ್ ಹೌಸ್‌ನಲ್ಲಿ ಸೂಟು ಹಾಕಿದ ಒಬ್ಬ ಮನುಷ್ಯ ಅವಳ ಹೆಸರು ಹಿಡಿದು ಮಾತಾಡುತ್ತಾನೆ. ಅವನು ಅಧ್ಯಕ್ಷನಲ್ಲ, ಕೃಷಿ ಇಲಾಖೆಯ ಅಧಿಕಾರಿ. ಇಡೀ ಜಗತ್ತು ಒಂದೇ ಮನಸ್ಸಾದ ಮೇಲೆ ಅಧ್ಯಕ್ಷನಾದರೇನು, ಅಧಿಕಾರಿಯಾದರೇನು. ಸೂಟು ಹಾಕಿಕೊಂಡು ಯಾರು ಹತ್ತಿರ ಇದ್ದರೋ ಅವರು ಬಂದು ನಿಂತರು, ಅಷ್ಟೇ. ಇಷ್ಟು ಚಿಕ್ಕ ವಿವರದಲ್ಲಿ ಅಧಿಕಾರ, ಹುದ್ದೆ, ಸರ್ಕಾರ ಎಲ್ಲವೂ ಮುಗಿದುಹೋಗಿದೆ ಅಂತ ಹೇಳಿಬಿಡುತ್ತಾರೆ. ಹೇಳಿದರು ಅಂತ ನಮಗೆ ಗೊತ್ತೂ ಆಗುವುದಿಲ್ಲ.

ಮರುದಿನ ಕ್ಯಾರೊಲ್ ಹಿತ್ತಲಲ್ಲಿ ಹೆಲೆನ್‌ಗೆ ಗುಂಡಿ ತೋಡುತ್ತಾಳೆ. ಗಟ್ಟಿ ನೆಲ, ಉರಿ ಬಿಸಿಲು. ಆಗ ಝೋಸಿಯಾ ಎನ್ನುವ ಹೆಂಗಸು ನೀರಿನ ಬಾಟಲ್ ಹಿಡಿದು ಬರುತ್ತಾಳೆ. ಮುಖ ನೋಡಿದರೆ ಕ್ಯಾರೊಲ್‌ಗೆ ಗುರುತು ಸಿಗುತ್ತದೆ. ತನ್ನ ಕಾದಂಬರಿಯ ನಾಯಕನನ್ನು ಅವಳು ಮೊದಲು ಹೆಣ್ಣಾಗಿ ಕಲ್ಪಿಸಿಕೊಂಡಿದ್ದಳು. ಅದು ಗೊತ್ತಿದ್ದದ್ದು ಹೆಲೆನ್‌ಗೆ ಮಾತ್ರ. ಅಂದರೆ ಸಾಯುವ ಮೊದಲು ಹೆಲೆನ್‌ಳ ನೆನಪುಗಳೆಲ್ಲ ಆ ಒಂದೇ ಮನಸ್ಸಿನವರ ಪಾಲಾಗಿವೆ! ಇಬ್ಬರ ನಡುವಿನ ಗುಟ್ಟು ಈಗ ಇಡೀ ಜಗತ್ತಿಗೆ ಗೊತ್ತು. ಅದನ್ನೇ ಉಪಯೋಗಿಸಿ, ಇವಳಿಗೆ ಖುಷಿಯಾಗಲಿ ಅಂತ, ಅದೇ ಚಹರೆಯ ಹೆಂಗಸನ್ನು ಕಳಿಸಿದ್ದಾರೆ. ಇಂಥ ಹೊತ್ತಲ್ಲಿ ಯಾರಾದರೂ ಥ್ಯಾಂಕ್ಸ್ ಹೇಳಿ ನೀರು ಕುಡಿಯುತ್ತಾರಾ? ಕ್ಯಾರೊಲ್ ಕೂಗಾಡುತ್ತಾಳೆ. ಅವಳ ಸಿಟ್ಟಿನ ಹೊಡೆತಕ್ಕೆ ಜಗತ್ತಿನಾದ್ಯಂತ ಆ ಒಂದೇ ಮನಸ್ಸಿನವರೆಲ್ಲ ಸೆಟೆದು ನಡುಗುತ್ತಾರೆ, ಲಕ್ಷಾಂತರ ಜನ ಸಾಯುತ್ತಾರೆ. ದುಃಖದಲ್ಲಿ ರೇಗುವ ಹಕ್ಕನ್ನೂ ಅವಳಿಂದ ಕಿತ್ತುಕೊಂಡ ಹಾಗಾಯಿತು. ನನಗೆ ಅತ್ಯಂತ ಕ್ರೂರ ಅನಿಸಿದ್ದು ಈ ಜಾಗ. ಯಾರೂ ಅವಳನ್ನು ಹೊಡೆದಿಲ್ಲ, ಬೈದಿಲ್ಲ. ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದಾರೆ. ಆದರೂ ಅವಳಿಗೆ ಉಸಿರಾಡಲು ಜಾಗ ಇಲ್ಲ.

ಎರಡನೇ ತಕರಾರು ನಿಧಾನದ್ದು. ಇದರಲ್ಲಿ ಅರ್ಧ ಒಪ್ಪುತ್ತೇನೆ. ಎರಡನೇ ಎಪಿಸೋಡ್ ಶುರುವಾಗುವುದೇ ಮಾತಿಲ್ಲದ ಉದ್ದನೆಯ ದೃಶ್ಯದಿಂದ. ಝೋಸಿಯಾ ಹೆಣಗಳನ್ನು ಸಾಗಿಸುತ್ತಾಳೆ, ಸ್ಕೂಟರ್ ಹತ್ತುತ್ತಾಳೆ, ಮೈ ತೊಳೆದುಕೊಳ್ಳುತ್ತಾಳೆ, ಒಬ್ಬಳೇ ದೊಡ್ಡ ವಿಮಾನ ಹಾರಿಸಿಕೊಂಡು ಹೋಗುತ್ತಾಳೆ. ಫೋನ್ ನೋಡುತ್ತಾ ಟಿವಿ ನೋಡುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಗಮನ ಇಟ್ಟು ನೋಡಿದರೆ ಆ ಹೊಸ ಜಗತ್ತು ಹೇಗೆ ನಡೆಯುತ್ತದೆ ಅಂತ ಪೂರ್ತಿ ಅರ್ಥವಾಗುತ್ತದೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಎದುರಾದವರು ಒಬ್ಬರನ್ನೊಬ್ಬರು ನೋಡುವುದೂ ಇಲ್ಲ. ನೋಡುವ ಅಗತ್ಯವೇ ಇಲ್ಲ. ಮಾತು ಬೇಡವಾದ ಜಗತ್ತನ್ನು ಮಾತಿಲ್ಲದೆ ತೋರಿಸುವುದಕ್ಕಿಂತ ಬೇರೆ ಯಾವ ದಾರಿ ಇದೆ? ಒಂದು ಪಾತ್ರ ಬಂದು ಇನ್ನೊಂದು ಪಾತ್ರಕ್ಕೆ ಎಲ್ಲವನ್ನೂ ವಿವರಿಸಿಬಿಟ್ಟಿದ್ದರೆ ಐದು ನಿಮಿಷ ಉಳಿಯುತ್ತಿತ್ತು, ಮೈ ಜುಮ್ಮೆನ್ನುವುದು ತಪ್ಪುತ್ತಿತ್ತು.

ಮೂರನೇ ಎಪಿಸೋಡ್‌ನ ಸೂಪರ್‌ಮಾರ್ಕೆಟ್ ದೃಶ್ಯಕ್ಕೆ ಮೊದಲೇ ಎದ್ದು ಹೋದವರ ಬಗ್ಗೆ ನನಗೆ ನಿಜಕ್ಕೂ ಬೇಜಾರಿದೆ. ಕ್ಯಾರೊಲ್ ಸಾಮಾನು ತರಲು ಹೋದರೆ ಅಂಗಡಿ ಖಾಲಿ. ಎಲ್ಲರಿಗೂ ಹಂಚಲು ಅನುಕೂಲ ಅಂತ ಆಹಾರವನ್ನೆಲ್ಲ ಒಂದೆಡೆ ಸೇರಿಸಿದ್ದಾರೆ. ಲೆಕ್ಕದ ಪ್ರಕಾರ ಅದು ಸರಿಯೇ. ಆದರೆ ಅವಳಿಗೆ ತನ್ನ ಪಾಡಿಗೆ ತಾನು ಸಾಮಾನು ಆರಿಸಿಕೊಂಡು ಬರಬೇಕು. ತನ್ನ ಅಂಗಡಿ ತನಗೆ ವಾಪಸ್ ಬೇಕು ಅಂತ ಫೋನ್ ಮಾಡುತ್ತಾಳೆ. ಸ್ವಲ್ಪ ಹೊತ್ತಿಗೆ ಲಾರಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಜನ ಇಳಿಯುತ್ತಾರೆ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದೆ, ಒಂದು ಮಾತೂ ಆಡದೆ, ಕಪಾಟುಗಳನ್ನು ತುಂಬಿ, ಬಂದ ಹಾಗೇ ಹೊರಟುಹೋಗುತ್ತಾರೆ. ಅಂಗಡಿ ಮೊದಲಿನ ಹಾಗೇ ಆಯಿತು. ಅವಳು ಕೇಳಿದ್ದು ಸಿಕ್ಕಿತು. ಆದರೆ ಅವಳ ಮುಖ ನೋಡಿ. ಕೈಗಾಡಿ ತಳ್ಳಿಕೊಂಡು ಬರುವ ಇನ್ನೊಬ್ಬ ಗಿರಾಕಿ ಅಲ್ಲಿಲ್ಲ, ಇನ್ನು ಯಾವತ್ತೂ ಬರುವುದೂ ಇಲ್ಲ.

ಅದೇ ಎಪಿಸೋಡ್‌ನಲ್ಲಿ ಅವಳು ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಒಂದು ಹ್ಯಾಂಡ್ ಗ್ರೆನೇಡ್ ಕೇಳುತ್ತಾಳೆ. ತಂದುಕೊಡುತ್ತಾರೆ. ನಿಜವಾದದ್ದು. ಅದು ಸಿಡಿದು ಝೋಸಿಯಾ ಆಸ್ಪತ್ರೆ ಸೇರಿದ ಮೇಲೆ, ಅಣುಬಾಂಬ್ ಕೇಳಿದರೂ ಕೊಡುತ್ತೀರಾ ಅಂತ ಕ್ಯಾರೊಲ್ ಕೇಳುತ್ತಾಳೆ. ಎದುರಿಗಿದ್ದವನು ತಡವರಿಸುತ್ತಾನೆ, ಆದರೆ ಕೊಡುವುದಿಲ್ಲ ಅನ್ನುವುದಿಲ್ಲ. ಪ್ರೀತಿ ಅಂದರೆ ಕೇಳಿದ್ದನ್ನೆಲ್ಲ ಕೊಡುವುದು ಅಂತ ನಂಬಿರುವ ಒಂದು ಜೀವಿ ಎಷ್ಟು ಅಪಾಯಕಾರಿ ಅಂತ ಅಲ್ಲಿ ಗೊತ್ತಾಗುತ್ತದೆ. ಬಂದೂಕು ಹಿಡಿದ ಅನ್ಯಗ್ರಹದವರು ಯಾರೂ ನನ್ನನ್ನು ಇಷ್ಟು ಹೆದರಿಸಿಲ್ಲ.

ಇನ್ನು ನಾಲ್ಕನೇ ಎಪಿಸೋಡ್. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಕ್ಯಾರೊಲ್ ಪರೀಕ್ಷೆ ಮಾಡುತ್ತಾಳೆ. ತಾನು ಆಸೆಪಟ್ಟು ಬರೆದು ಪ್ರಕಟಿಸದೇ ಇಟ್ಟಿರುವ ಗಂಭೀರ ಕಾದಂಬರಿಯ ಬಗ್ಗೆ ಹೆಲೆನ್‌ಗೆ ನಿಜವಾಗಿ ಏನನ್ನಿಸಿತ್ತು ಅಂತ ಕೇಳುತ್ತಾಳೆ. ಹೆಲೆನ್ ಅದನ್ನು ಪೂರ್ತಿ ಓದಿರಲೇ ಇಲ್ಲ. ಸೀಹಾರ್ನ್ ಆ ಕ್ಷಣದಲ್ಲಿ ಅಳುವುದಿಲ್ಲ. ಮುಖದಲ್ಲಿ ಏನೋ ಒಂದು ಸ್ವಲ್ಪ ಜಾರುತ್ತದೆ, ಅಷ್ಟೇ. ಗಿಲಿಗನ್ ಈ ಪಾತ್ರವನ್ನು ಅವಳಿಗೋಸ್ಕರವೇ ಬರೆದದ್ದು ಯಾಕೆ ಅಂತ ಇಲ್ಲಿ ಗೊತ್ತಾಯಿತು.

ಇನ್ನೊಂದು ಮಾತು. ‘ಬ್ರೇಕಿಂಗ್ ಬ್ಯಾಡ್’ ಮಾಡಿದವನು ಇದನ್ನು ಮಾಡಿದನಾ ಅಂತ ಬೇಸರಪಟ್ಟವರೂ ತುಂಬಾ ಜನ. 2008ರಲ್ಲಿ ಅದು ಶುರುವಾದಾಗ ಮೊದಲ ಸೀಸನ್ ಬರೀ 7 ಎಪಿಸೋಡ್. ಆಗ ನೋಡಿದವರೂ ಕಡಿಮೆ. ಜನ ಮುಗಿಬಿದ್ದದ್ದು ವರ್ಷಗಳ ನಂತರ. ನಾವು ಈಗ ಹೋಲಿಸುತ್ತಿರುವುದು ಐದು ಸೀಸನ್ ಮುಗಿಸಿದ ಒಂದು ಕಥೆಯನ್ನು, ಈಗಷ್ಟೇ ಕಣ್ಣುಬಿಟ್ಟ ಇನ್ನೊಂದು ಕಥೆಯ ಜೊತೆ. ವಿಜ್ಞಾನ ಕಥೆಗಳಿಗಂತೂ ಈ ಆತುರ ಮೊದಲಿನಿಂದಲೂ ಪೆಟ್ಟು ಕೊಟ್ಟಿದೆ. ‘ಸ್ಟಾರ್ ಟ್ರೆಕ್’‌ನ ಮೊದಲ ಪೈಲಟ್ ಅನ್ನು, ಅಂದರೆ ಒಪ್ಪಿಗೆಗೆ ತೋರಿಸುವ ಮಾದರಿ ಎಪಿಸೋಡನ್ನು, ಚಾನೆಲ್‌ನವರು ತಲೆಗೆ ಜಾಸ್ತಿ ಕೆಲಸ ಕೊಡುತ್ತದೆ ಅಂತ ವಾಪಸ್ ಕಳಿಸಿದ್ದರು. ಎರಡನೇ ಪೈಲಟ್ ಮಾಡಿದ ಮೇಲೆ 1966ರಲ್ಲಿ ಅದು ಪ್ರಸಾರವಾಯಿತು. 2002ರ ‘ಫೈರ್‌ಫ್ಲೈ’ ಕಥೆ ಇನ್ನೂ ಕೆಟ್ಟದು. ಪಾತ್ರಗಳನ್ನು ಪರಿಚಯ ಮಾಡಿಕೊಡುವ ಮೊದಲ ಎಪಿಸೋಡನ್ನೇ ಚಾನೆಲ್ ಕೊನೆಗೆ ಹಾಕಿತು. ಜನರಿಗೆ ತಲೆಬುಡ ಗೊತ್ತಾಗಲಿಲ್ಲ, ಸೀರೀಸ್ ಒಂದೇ ಸೀಸನ್‌ಗೆ ನಿಂತುಹೋಯಿತು. ‘ಪ್ಲುರಿಬಸ್’ಗೆ ಆ ಭಯ ಇಲ್ಲ, ಮೊದಲೇ ಎರಡು ಸೀಸನ್‌ಗೆ ಒಪ್ಪಿಗೆ ಸಿಕ್ಕಿತ್ತು. ಇಷ್ಟು ನಿಧಾನವಾಗಿ ಕಥೆ ಹೇಳುವ ಧೈರ್ಯ ಬಂದದ್ದೂ ಅದರಿಂದಲೇ ಇರಬೇಕು.

ಹಾಗಂತ ಎಲ್ಲ ಸರಿ ಇದೆ ಅಂತಲ್ಲ. ಸ್ಪೇನ್‌ನ ಬಿಲ್ಬಾವೊದಲ್ಲಿ ಕ್ಯಾರೊಲ್ ತನ್ನ ಹಾಗೆ ಉಳಿದ ಕೆಲವರನ್ನು ಭೇಟಿಯಾಗುವ ಭಾಗ ನನಗೆ ಸಾಕಾಗಲಿಲ್ಲ. ಅಲ್ಲಿ ಲಕ್ಷ್ಮಿ ಅಂತ ಒಬ್ಬ ತಾಯಿ ಇದ್ದಾಳೆ. ತನ್ನ ಮಗ ಈಗಲೂ ತನ್ನ ಮಗನೇ ಅಂತ ಅವಳು ಹಟ ಹಿಡಿಯುತ್ತಾಳೆ. ಆ ಮಗುವಿನ ತಲೆಯಲ್ಲಿ ಈಗ ಕೋಟ್ಯಂತರ ಜನರಿದ್ದಾರೆ. ಅದು ಗೊತ್ತಿದ್ದೂ ಊಟ ಬಡಿಸಿ, ತಲೆ ಸವರುವ ತಾಯಿಯ ಮನಸ್ಸಿನಲ್ಲಿ ಏನು ನಡೆಯುತ್ತಿರಬಹುದು? ಕ್ಯಾರೊಲ್‌ಗಿಂತ ದೊಡ್ಡ ಕಥೆ ಅಲ್ಲಿದೆ. ಆದರೆ ಅವಳಿಗೆ ಸಿಕ್ಕಿದ್ದು ಕ್ಯಾರೊಲ್ ಜೊತೆ ಜಗಳವಾಡುವ ಕೆಲಸ. ಡಿಯಾಬಾತೆ ಎನ್ನುವವನಿಗೆ ಅಧ್ಯಕ್ಷರ ವಿಮಾನದಲ್ಲಿ ಸುಂದರಿಯರ ಜೊತೆ ಬಂದಿಳಿಯುವ ಮೋಜು ಸಿಕ್ಕಿತು, ಉಳಿದವರು ನೆಪಕ್ಕೆ ಇದ್ದರು. ಇಡೀ ಜಗತ್ತಿನ ಕಥೆ ಹೇಳುತ್ತೇನೆ ಅಂತ ಹೊರಟ ಮೇಲೆ ಅಮೆರಿಕದ ಒಬ್ಬ ಹೆಂಗಸಿನ ಮನೆ, ಹಿತ್ತಲು, ಸೋಫಾ ಇಷ್ಟರಲ್ಲೇ ಸುತ್ತಿದರೆ ಜನ ಕೇಳುವುದು ನ್ಯಾಯ. ನಿಧಾನ ಅನ್ನುವವರ ತಕರಾರಿನಲ್ಲಿ ನಾನು ಒಪ್ಪುವ ಅರ್ಧ ಇದು. ಸಮಯ ಇತ್ತು, ಅದನ್ನು ಲಕ್ಷ್ಮಿಗೂ ಸ್ವಲ್ಪ ಕೊಡಬಹುದಿತ್ತು.

ಈ ಕೊರತೆಯನ್ನು ಸ್ವಲ್ಪ ತುಂಬುವವನು ಮನೂಸೊಸ್. ಅವನೂ ಕ್ಯಾರೊಲ್ ಹಾಗೆ ಉಳಿದವನೇ. ಪರಾಗ್ವೆಯವನು, ಜನ ಬಾಡಿಗೆ ಕೊಟ್ಟು ತಮ್ಮ ಸಾಮಾನು ಇಡುವ ಗೋದಾಮು ನೋಡಿಕೊಳ್ಳುತ್ತಾನೆ. ಆ ಒಂದೇ ಮನಸ್ಸಿನವರು ಬಾಗಿಲಿಗೆ ಬಿಸಿ ಊಟ ತಂದಿಟ್ಟರೂ ಮುಟ್ಟುವುದಿಲ್ಲ. ಬೇರೆಯವರ ಗೂಡುಗಳನ್ನು ತೆರೆದು, ಸಿಕ್ಕಿದ ನಾಯಿ ಊಟದ ಡಬ್ಬಿಯನ್ನು ತಿನ್ನುತ್ತಾನೆ. ತೆಗೆದುಕೊಂಡದ್ದಕ್ಕೆ ಚೀಟಿ ಬರೆದಿಡುತ್ತಾನೆ, ಮಾಲೀಕರು ವಾಪಸ್ ಬಂದರೆ ಲೆಕ್ಕ ಸಿಗಲಿ ಅಂತ. ಅವನದೂ ಸಿಡುಕು ಮುಖವೇ, ಮಾತೂ ಕಡಿಮೆ. ಆದರೂ ಅವನನ್ನು ಸಹಿಸಲಾಗುವುದಿಲ್ಲ ಅಂತ ಯಾರೂ ಬರೆದದ್ದು ನಾನು ನೋಡಿಲ್ಲ. ಕ್ಯಾರೊಲ್ ಮೇಲೆ ಸಿಟ್ಟಾದವರು ಇವನ ಬಗ್ಗೆ ಏನನ್ನುತ್ತೀರಿ? ನಾಲ್ಕನೇ ಎಪಿಸೋಡ್ ನೋಡಿ ಬಂದು ಹೇಳಿ. ನನಗೆ ಅದನ್ನು ಕೇಳಬೇಕಿದೆ.