ಕ್ಯಾನ್ಸಲ್ ಒತ್ತಿದರೆ ನಿಜವಾಗಿ ಕ್ಯಾನ್ಸಲ್ ಆಗಬೇಕು

ಆಂಡ್ರಾಯ್ಡ್ ಆ್ಯಪ್ ಬರೆಯುವ ಗೆಳೆಯರ ಜೊತೆ ನನಗೆ ಪದೇಪದೇ ವಾದ ಆಗುವುದು ಈ ಒಂದು ವಿಷಯಕ್ಕೆ. ಕ್ಯಾನ್ಸಲ್ ಬಟನ್ ಒತ್ತಿದ ತಕ್ಷಣ ಲೋಡಿಂಗ್ ಚಕ್ರ ಮಾಯವಾಗುತ್ತದೆ, ಆದರೆ ಒಳಗೆ ಥ್ರೆಡ್ (ಆ್ಯಪ್‌ನ ಕೆಲಸ ನಡೆಸುವ ಒಂದು ಎಳೆ) ಮಾತ್ರ ಸಾಕೆಟ್‌ನಿಂದ (ಸರ್ವರ್ ಜೊತೆಗಿನ ಸಂಪರ್ಕದ ತುದಿ) ಡೇಟಾ ಬರಲಿ ಅಂತ ಕಾಯುತ್ತಲೇ ಇರುತ್ತದೆ. ಬಳಸುವವರು ಮತ್ತೆ ಒತ್ತಿದರೆ ಇನ್ನೊಂದು ಥ್ರೆಡ್ ಸಿಕ್ಕಿಕೊಳ್ಳುತ್ತದೆ. ಆ್ಯಪ್ ಬರೆಯುವ ಭಾಷೆ ಕಾಟ್ಲಿನ್‌ನಲ್ಲಿ ನೆಟ್‌ವರ್ಕ್, ಫೈಲ್ ಕೆಲಸಗಳನ್ನು ಥ್ರೆಡ್‌ಗಳಿಗೆ ಹಂಚುವ ಐಒ ಡಿಸ್ಪ್ಯಾಚರ್‌ನಲ್ಲಿ ಮೊಬೈಲಿಗೆ ಸಾಮಾನ್ಯವಾಗಿ ಸಿಗುವುದು 64 ಥ್ರೆಡ್. ಅವು ಒಂದೊಂದಾಗಿ ಹೀಗೆ ಕಟ್ಟಿಬಿದ್ದರೆ ಕೊನೆಗೆ ಒಂದು ಸಣ್ಣ ಫೈಲ್ ಓದುವುದಕ್ಕೂ ಜಾಗ ಇರುವುದಿಲ್ಲ.

'ಇಂಟರಪ್ಟ್ ಮಾಡಿದ್ದೀನಲ್ಲ', ಅಂದರೆ ನಿಲ್ಲು ಅಂತ ಥ್ರೆಡ್‌ಗೆ ಸೂಚನೆ ಕೊಟ್ಟಿದ್ದೀನಲ್ಲ, ಅನ್ನುತ್ತಾರೆ ಗೆಳೆಯರು. ಸ್ಲೀಪ್, ವೇಟ್‌ನಲ್ಲಿರುವ ಥ್ರೆಡ್ ಅದಕ್ಕೆ ಎಚ್ಚರಗೊಳ್ಳುತ್ತದೆ, ಸರಿ. ಆದರೆ ಮಾಮೂಲಿ ಸಾಕೆಟ್ ರೀಡ್‌ನಲ್ಲಿ ನಿಂತ ಥ್ರೆಡ್‌ಗೆ 'ನಿಲ್ಲು' ಅನ್ನುವ ಗುರುತು (ಫ್ಲ್ಯಾಗ್) ಒಂದು ಬೀಳುತ್ತದೆ ಅಷ್ಟೇ, ರೀಡ್ ಅಲುಗಾಡುವುದಿಲ್ಲ. ಕೊರೂಟೀನ್ (ಕಾಟ್ಲಿನ್‌ನಲ್ಲಿ ಹಿನ್ನೆಲೆ ಕೆಲಸ ಬರೆಯುವ ರೀತಿ) ಜಾಬ್ ಕ್ಯಾನ್ಸಲ್ ಮಾಡಿದರೂ ಇದೇ ಕಥೆ.

ಬೇಕಾಗಿರುವುದು ಇನ್ನೊಂದು ಥ್ರೆಡ್‌ನಿಂದ ಆ ಸಾಕೆಟ್ಟನ್ನೇ ಕ್ಲೋಸ್ ಮಾಡುವುದು. ಕಾಯುತ್ತಿದ್ದ ರೀಡ್ ತಕ್ಷಣ ಸಾಕೆಟ್ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆದು ಹೊರಬರುತ್ತದೆ. ನೆಟ್‌ವರ್ಕ್ ಲೈಬ್ರರಿ ಓಕೆಎಚ್‌ಟಿಟಿಪಿಯಲ್ಲಿ ಕಾಲ್ ಕ್ಯಾನ್ಸಲ್ ಮಾಡಿದರೆ ಒಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ, ಅದರ ಮೇಲೆ ಕಟ್ಟಿದ ರೆಟ್ರೋಫಿಟ್‌ನ ಸಸ್ಪೆಂಡ್ ಫಂಕ್ಷನ್‌ಗಳು (ಕೊರೂಟೀನ್ ಒಳಗೆ ಕರೆಯುವಂಥವು) ಇದನ್ನು ತಾವೇ ಮಾಡುತ್ತವೆ. ಸ್ವಂತ ಸಾಕೆಟ್ ಬರೆದವರು ಕೊರೂಟೀನ್ ಕ್ಯಾನ್ಸಲ್ ಆದಾಗ ಕ್ಲೋಸ್ ಕರೆಯುವ ಹಾಗೆ ಕೈಯಾರೆ ಜೋಡಿಸಲೇಬೇಕು. ಮತ್ತೆ, ಆ ಎಕ್ಸೆಪ್ಷನ್ ಹಿಡಿದು 'ನೆಟ್‌ವರ್ಕ್ ದೋಷ' ಅಂತ ತೋರಿಸಬೇಡಿ, ಬೇಡ ಅಂದಿದ್ದು ಬಳಸುವವರೇ ಅಲ್ವಾ?

ಟೈಮ್‌ಔಟ್ (ಕಾಯುವುದಕ್ಕೆ ಸಮಯದ ಮಿತಿ) ಇದೆಯಲ್ಲ ಅನ್ನುವವರೂ ಇದ್ದಾರೆ. ಟೈಮ್‌ಔಟ್ ಖಂಡಿತ ಬೇಕು. ಜಾವಾ ಸಾಕೆಟ್‌ನ ರೀಡ್ ಟೈಮ್‌ಔಟ್ ನೀವು ಮುಟ್ಟದಿದ್ದರೆ 0, ಅಂದರೆ ಕೊನೆಯೇ ಇಲ್ಲದ ಕಾಯುವಿಕೆ. ಶಿರಾಡಿ ಘಾಟಿಯ ತಿರುವಿನಲ್ಲಿ ಸಿಗ್ನಲ್ ಹೋಯಿತು ಅಂದುಕೊಳ್ಳಿ, ಸರ್ವರ್ ಕನೆಕ್ಷನ್ ಮುಚ್ಚಿದರೂ ಆ ಸುದ್ದಿ ಫೋನಿಗೆ ತಲುಪುವುದಿಲ್ಲ, ಫೋನ್ ತಾನೇ ಏನನ್ನೂ ಕಳಿಸದೆ ಸುಮ್ನೆ ಓದುತ್ತಿರುವುದರಿಂದ ಸಂಪರ್ಕ ನೋಡಿಕೊಳ್ಳುವ ಟಿಸಿಪಿಗೂ ಅನುಮಾನ ಬರುವುದಿಲ್ಲ. ಆದರೆ ಓಕೆಎಚ್‌ಟಿಟಿಪಿಯ 10 ಸೆಕೆಂಡ್ ರೀಡ್ ಟೈಮ್‌ಔಟ್ ಇಡೀ ಕರೆಗಲ್ಲ, ಒಂದೊಂದು ರೀಡ್‌ಗೆ. 9 ಸೆಕೆಂಡಿಗೊಂದು ಬೈಟ್ ಕಳಿಸುವ ಸರ್ವರ್ ಎದುರು ಆ ಟೈಮ್‌ಔಟ್ ಆಗುವುದೇ ಇಲ್ಲ. ಒಟ್ಟು ಸಮಯಕ್ಕೆ ಕಾಲ್ ಟೈಮ್‌ಔಟ್ ಅಂತ ಬೇರೆಯೇ ಇದೆ, ಅದನ್ನು ನಾವೇ ಹಾಕಬೇಕು.

ಡೇಟಾ, ಬ್ಯಾಟರಿ ಎರಡೂ ಬಳಸುವವರದ್ದು. ನಿಮ್ಮ ಆ್ಯಪ್‌ನಲ್ಲಿ ದೊಡ್ಡದೊಂದು ಡೌನ್‌ಲೋಡ್ ಶುರು ಮಾಡಿ, ಅರ್ಧದಲ್ಲಿ ಕ್ಯಾನ್ಸಲ್ ಒತ್ತಿ, ಥ್ರೆಡ್ ಡಂಪ್ (ಯಾವ ಥ್ರೆಡ್ ಎಲ್ಲಿ ನಿಂತಿದೆ ಅನ್ನುವ ಪಟ್ಟಿ) ತೆಗೆದು ನೋಡಿ. ಆ ಡೌನ್‌ಲೋಡ್‌ನ ರೀಡ್‌ನಲ್ಲಿ ಇನ್ನೂ ಯಾರಾದರೂ ನಿಂತಿದ್ದರೆ ರಿಲೀಸ್ ಮಾಡಬೇಡಿ.